ನೀರಕ್ಕನ ವಾರ್ಡಿನಲ್ಲಿ ಎಲ್ಲರಿಗೂ ಒಂದೇ ಲೋಟ

ನೀರಕ್ಕ ಬರುತ್ತಿದ್ದಾರೆ ಅಂತ ಗೊತ್ತಾಗುವುದು ಅವರ ಚಪ್ಪಲಿ ಸದ್ದಿನಿಂದಲ್ಲ, ಜಗ್ಗಿನ ಸದ್ದಿನಿಂದ. ಸ್ಟೀಲಿನ ಆ ದೊಡ್ಡ ಜಗ್ಗನ್ನು ಮೊದಲ ಮಂಚದ ಕಂಬಿಗೆ ಟಣ್ ಎಂದು ತಾಗಿಸಿ, "ಏನ್ರಮ್ಮಾ, ಎಲ್ಲಾ ಬೇಸಿಗೆ ಕೆರೆ ಥರ ಬತ್ತಿ ಹೋಗಿದೀರಾ? ಎತ್ರಿ ಲೋಟ!" ಎನ್ನುತ್ತಾರೆ. ವಾರ್ಡಿನ ಹೆಂಗಸರೆಲ್ಲ ಕಷಾಯ ಕುಡಿಯುವ ಮುಖ ಮಾಡಿಕೊಂಡು ಲೋಟ ಎತ್ತುತ್ತಾರೆ.

ನೀರು ಕುಡಿಸುವುದೂ ಒಂದು ಕೆಲಸವೇ ಎಂದು ನಗಬೇಡಿ. ನರ್ಸಿಂಗ್ ಓದುತ್ತ ಆ ವಾರ್ಡಿಗೆ ತರಬೇತಿಗೆ ಹೋದ ಮೊದಲ ದಿನ ನಾನೂ ನಕ್ಕಿದ್ದೆ. ಎರಡನೇ ದಿನದಿಂದ ನಾನು ಅವರ ಅಭಿಮಾನಿ. ಸಿನಿಮಾದವರಿಗೆ ಅಭಿಮಾನಿಗಳು ಇರಬಹುದಾದರೆ ನೀರಕ್ಕನಿಗೆ ಯಾಕೆ ಇರಬಾರದು ಹೇಳಿ?

ಅದು ಫಿಸ್ಟುಲಾ ವಾರ್ಡು. ಫಿಸ್ಟುಲಾ ಅಂದರೆ ದೇಹದೊಳಗೆ ಇರಬಾರದ ಕಡೆ ಆಗಿಬಿಟ್ಟ ದಾರಿ. ಅದರಲ್ಲೂ ಬಗೆಬಗೆ ಇದೆ. ನಮ್ಮ ಕಾರಿಡಾರಿನ ಎಡಗಡೆ ಗುದದ ಹತ್ತಿರ ಫಿಸ್ಟುಲಾ ಆದ ಗಂಡಸರು. ಕೂರಲೂ ಆಗದೆ ನಿಲ್ಲಲೂ ಆಗದೆ ಗೋಡೆಗೆ ಒರಗಿಕೊಂಡು ರಾಜಕೀಯ ಮಾತಾಡುತ್ತಿರುತ್ತಾರೆ. ಕಾರಿಡಾರಿನ ಕೊನೆಗೆ ಡಯಾಲಿಸಿಸ್ ಕೋಣೆ. ಅಲ್ಲಿ ಡಾಕ್ಟರುಗಳೇ ಬೇಕೆಂದು ಕೈಯ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿ, ಅದು ಮುಚ್ಚಿಹೋಗದಿರಲಪ್ಪಾ ಎಂದು ಕಾಯುತ್ತಾರೆ. "ಅವರು ದಾರಿ ಮಾಡೋರು, ನಾವು ದಾರಿ ಮುಚ್ಚೋರು, ಸಂಬಳ ಮಾತ್ರ ಒಂದೇ ಕಡೆಯಿಂದ" ಎಂದು ನೀರಕ್ಕ ನಗುತ್ತಾರೆ.

ಬಲಗಡೆ ನಮ್ಮದು. ಹೆರಿಗೆ ತುಂಬಾ ಹೊತ್ತು ತಡೆದು ನಿಂತಾಗ ಮಗುವಿನ ತಲೆ ಒಂದೇ ಜಾಗದಲ್ಲಿ ಒತ್ತಿ ಒತ್ತಿ, ಮೂತ್ರಕೋಶಕ್ಕೂ ಹೆರಿಗೆ ದಾರಿಗೂ ನಡುವೆ ತೂತು ಬೀಳುತ್ತದೆ. ಆಮೇಲೆ ಹಗಲೂ ರಾತ್ರಿ ಮೂತ್ರ ಸೋರುತ್ತಲೇ ಇರುತ್ತದೆ. ಈ ಹೆಂಗಸರು ವರ್ಷಗಟ್ಟಲೆ ಕಲಿತ ಒಂದೇ ಉಪಾಯವೆಂದರೆ ನೀರು ಕುಡಿಯದಿರುವುದು. ಕುಡಿದರೆ ತಾನೇ ಸೋರುವುದು? ಮದುವೆ ಮನೆಗೆ ಹೋಗಬೇಕೆಂದರೆ ಹಿಂದಿನ ದಿನದಿಂದಲೇ ಗಂಟಲು ಒಣಗಿಸಿಕೊಳ್ಳುತ್ತಾರೆ. ಆದರೆ ಆಪರೇಶನ್ ಆದ ಮೇಲೆ ಎಲ್ಲವೂ ಉಲ್ಟಾ. ಮೂತ್ರಕೋಶಕ್ಕೆ ಟ್ಯೂಬ್ ಹಾಕಿರುತ್ತಾರೆ. ನೀರು ಚೆನ್ನಾಗಿ ಕುಡಿದರೆ ಟ್ಯೂಬ್ ಸಲೀಸಾಗಿ ಹರಿಯುತ್ತದೆ. ಕುಡಿಯದಿದ್ದರೆ ಅದು ಕಟ್ಟಿಕೊಂಡು, ಮೂತ್ರಕೋಶ ಉಬ್ಬಿ, ಹೊಸ ಹೊಲಿಗೆಯ ಮೇಲೇ ಭಾರ ಬೀಳುತ್ತದೆ. ನೀರನ್ನೇ ಶತ್ರು ಅಂದುಕೊಂಡವರ ಬಾಯಿಗೆ ನೀರು ಇಳಿಸಬೇಕು. ಈಗ ನಗಿ ನೋಡೋಣ.

ನೀರಕ್ಕನಿಗೆ ಇದೆಲ್ಲ ಪುಸ್ತಕದಿಂದ ಬಂದದ್ದಲ್ಲ. ಅವರೇ ಒಂದು ಕಾಲಕ್ಕೆ ಅದೇ ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿ ಮಲಗಿದ್ದವರು. ಮೊದಲ ಹೆರಿಗೆ, ಮನೆಯಲ್ಲೇ ಆಗುತ್ತದೆ ಎಂದು ಕಾದರು, ಗಾಡಿ ತಡವಾಯಿತು, ಮಗು ಉಳಿಯಲಿಲ್ಲ. ಆಮೇಲೆ ಸೋರಿಕೆ. ಗಂಡ ಮನೆಗಳಿಗೆ ಬಣ್ಣ ಹೊಡೆಯುವವರು. ಬಿಟ್ಟು ಹೋಗಲಿಲ್ಲ, ಬೈಯಲೂ ಇಲ್ಲ. ದಿನಾ ಬೆಳಿಗ್ಗೆ ಒದ್ದೆ ಹಾಸಿಗೆಬಟ್ಟೆಗಳನ್ನು ತಾವೇ ಒಗೆದು ಹಿತ್ತಲಲ್ಲಿ ಹರವುತ್ತಿದ್ದರು. ಪಕ್ಕದ ಮನೆಯವಳು ಮೂಗು ತೂರಿಸಿ, "ಏನಪ್ಪಾ, ದಿನಾ ಇಷ್ಟೊಂದು ಬಟ್ಟೆ?" ಎಂದು ಕೇಳಿದ್ದೇ ತಡ, ಅವತ್ತು ಸಂಜೆ ಆ ಬಟ್ಟೆಗಳ ಮೇಲೆಲ್ಲ ಬ್ರಶ್ಶಿನಿಂದ ಹಸಿರು, ನೀಲಿ, ಕೆಂಪು ಬಣ್ಣ ಎರಚಿಬಿಟ್ಟರು. "ಕೆಲಸದ ಬಟ್ಟೆ ಅಕ್ಕಾ, ನೆಲಕ್ಕೆ ಹಾಸ್ತೀವಿ" ಎಂದರು. ಊರೆಲ್ಲ ನಂಬಿತು. ನೀರಕ್ಕ ಇವತ್ತಿಗೂ ಅದನ್ನು ಹೇಳಿ, "ಚೆನ್ನಾಗಿರೋ ಹಾಸಿಗೆಬಟ್ಟೆ ಎಲ್ಲಾ ಹಾಳು ಮಾಡ್ದ ಮಹಾರಾಯ" ಎಂದು ಬೈಯುತ್ತಾರೆ. ಬೈಯುವಾಗ ಕಣ್ಣು ಮಾತ್ರ ಬೇರೆಯೇ ಏನೋ ಹೇಳುತ್ತಿರುತ್ತದೆ.

ಮೊದಲ ಆಪರೇಶನ್ ಬೇರೆ ಎಲ್ಲೋ ಆಯಿತು. ಕೆಲವೇ ದಿನಕ್ಕೆ, ಮಂಚದಿಂದ ಇಳಿಯುವಾಗ ಟ್ಯೂಬ್ ಜಾರಿ ಹೊರಬಂತು. ಅದೇ ವಾರ ಮತ್ತೆ ಸೋರಿಕೆ ಶುರು. ಎರಡನೇ ಸಲ ಇಲ್ಲಿಗೆ ಬಂದರು. ಟ್ಯೂಬ್ ಪೂರಾ ಎರಡು ವಾರ ಇತ್ತು, ಹೊಲಿಗೆ ನಿಂತಿತು. ಅಲ್ಲಿಂದ ಅವರ ತಲೆಯಲ್ಲಿ ಒಂದು ಮಾತು ಕಲ್ಲಿನ ಮೇಲೆ ಕೆತ್ತಿದ ಹಾಗೆ ಕೂತುಬಿಟ್ಟಿತು: ಟ್ಯೂಬ್ ಬೇಗ ಬಂದರೆ ಒಡೆಯುತ್ತದೆ. ವಾಸಿಯಾದ ಮೇಲೆ ಅದೇ ವಾರ್ಡಿನಲ್ಲಿ ಸಹಾಯಕಿಯಾಗಿ ಸೇರಿದರು. ಆಮೇಲೆ ಆಪರೇಶನ್ ಹೆರಿಗೆಯಲ್ಲಿ ಒಬ್ಬ ಮಗಳೂ ಹುಟ್ಟಿದಳು. ಈಗ ಶಾಲೆಗೆ ಹೋಗುತ್ತಾಳೆ, ಅಪ್ಪನ ಬ್ರಶ್ಶುಗಳನ್ನೆಲ್ಲ ಕದಿಯುತ್ತಾಳೆ. ಬಸುರಿಯರ ತಪಾಸಣೆಯ ದಿನ ನೀರಕ್ಕ ಆ ಸಾಲಿನ ಮುಂದೆ ನಿಂತು, "ನೋವು ಶುರುವಾದ ಮೇಲೆ ಸೂರ್ಯ ಎರಡನೇ ಸಲ ಹುಟ್ಟೋವರೆಗೂ ಕಾಯ್ಬೇಡಿ ತಾಯಂದಿರಾ, ಅತ್ತೆ ಬೈದ್ರೆ ಬೈಲಿ, ಮೊದಲು ಗಾಡಿ ಹತ್ತಿ" ಎಂದು ಹೇಳದೆ ಬಿಡುವುದಿಲ್ಲ.

ಇಂಥ ನೀರಕ್ಕನ ವಾರ್ಡಿಗೆ ಸಂಶೋಧನೆ ಬಂತು.

ವಾರ್ಡಿನ ಮುಖ್ಯ ಸರ್ಜನ್ ಒಬ್ಬ ಹೆಂಗಸು. ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರುವಷ್ಟು ಎತ್ತರ. ಪೇಶೆಂಟುಗಳು ಅವರಿಗಿಟ್ಟ ಹೆಸರು ಉದ್ದ ಡಾಕ್ಟ್ರು. ಅವರು ಎಲ್ಲರನ್ನೂ ಕೂರಿಸಿಕೊಂಡು ವಿಷಯ ಹೇಳಿದರು. ಚಿಕ್ಕ ತೂತು ಇರುವವರಿಗೆ ಟ್ಯೂಬ್ ಎರಡು ವಾರ ಬೇಕೇ, ಒಂದು ವಾರ ಸಾಕೇ ಎಂದು ನೋಡಬೇಕು. ಒಪ್ಪಿದವರಿಗೆ ಮಾತ್ರ. ಯಾರಿಗೆ ಯಾವುದು ಎಂದು ಡಾಕ್ಟರೂ ಆರಿಸುವಂತಿಲ್ಲ, ಪೇಶೆಂಟೂ ಆರಿಸುವಂತಿಲ್ಲ. ಮುಚ್ಚಿದ ಲಕೋಟೆ ಹೇಳಿದ ಹಾಗೆ. ಒಂದು ವಾರ ಸಾಕು ಅಂತಾದರೆ ಹೊರಗೆ ಬೆಂಚಿನ ಮೇಲೆ ತಿಂಗಳುಗಟ್ಟಲೆ ಕಾಯುವ ಹೆಂಗಸರಿಗೆ ಬೇಗ ಮಂಚ ಸಿಗುತ್ತದೆ.

ನೀರಕ್ಕನಿಗೆ ಮೈಯೆಲ್ಲ ಉರಿಯಿತು. "ಡಾಕ್ಟ್ರೇ, ಹೆಣ್ಣುಮಕ್ಕಳ ಹೊಲಿಗೆ ಮೇಲೆ ಲಾಟರಿ ಆಡ್ತೀರಾ?"

"ಯಾವುದು ಒಳ್ಳೇದು ಅಂತ ನಂಗೆ ನಿಜವಾಗ್ಲೂ ಗೊತ್ತಿಲ್ಲ ನೀರಕ್ಕ. ಗೊತ್ತಿದ್ರೆ ಆಡ್ತಿರ್ಲಿಲ್ಲ."

"ನಂಗೆ ಗೊತ್ತು."

"ನಿಮಗೆ ನಿಮ್ಮದೊಂದು ಗೊತ್ತು" ಎಂದರು ಉದ್ದ ಡಾಕ್ಟ್ರು, ಮೆತ್ತಗೆ.

ನೀರಕ್ಕ ಒಳಗೊಳಗೇ ಗುಡುಗುಡು ಎನ್ನುತ್ತ ಕೆಲಸ ಮಾಡಿಕೊಂಡಿದ್ದರು. ಆಗ ಬಂದಳು ಟೈಲರ್ ಹುಡುಗಿ.

ಇಪ್ಪತ್ತರ ಆಸುಪಾಸಿನ, ಸಣಕಲು ಹುಡುಗಿ. ಮಾತಾಡುವಾಗಲೂ ಬೆರಳುಗಳು ಸೆರಗಿನ ಅಂಚನ್ನು ಮಡಚುತ್ತ, ಹೊಲಿಗೆಯ ಲೆಕ್ಕ ಹಾಕುತ್ತಲೇ ಇರುತ್ತಿದ್ದವು. ಮೊದಲು ಒಂದು ದೊಡ್ಡ ಹೊಲಿಗೆ ಅಂಗಡಿಯಲ್ಲಿ ಸಾಲಾಗಿ ಇಟ್ಟ ಮೆಷಿನ್ನುಗಳಲ್ಲಿ ಒಂದರ ಮುಂದೆ ಕೂರುತ್ತಿದ್ದಳಂತೆ. ಹೆರಿಗೆಯಾಗಿ, ಮಗು ಹೋಗಿ, ಸೋರಿಕೆ ಶುರುವಾದ ಮೇಲೆ ಕತ್ತರಿಸಿ ಉಳಿದ ಬಟ್ಟೆ ಚೂರುಗಳಿಂದ ತನಗೆ ತಾನೇ ದಪ್ಪ ಪ್ಯಾಡು ಹೊಲಿದುಕೊಂಡು ಕೆಲಸಕ್ಕೆ ಹೋಗಿ ನೋಡಿದಳು. ಪಕ್ಕದವರು ಒಬ್ಬೊಬ್ಬರೇ ಸ್ಟೂಲು ಸರಿಸಿಕೊಂಡು ದೂರ ಕೂತರು. ಯಾರೂ ಏನೂ ಅನ್ನಲಿಲ್ಲ. ಒಂದು ದಿನ ಅವಳೇ ಹೋಗುವುದನ್ನು ನಿಲ್ಲಿಸಿದಳು.

"ವಾಸಿ ಆದ್ರೆ ಏನ್ಮಾಡ್ತೀಯ?" ಎಂದು ಉದ್ದ ಡಾಕ್ಟ್ರು ಕೇಳಿದರು.

"ಅದೇ ಅಂಗಡಿಗೆ ಹೋಗ್ತೀನಿ. ನಡು ಸಾಲಲ್ಲಿ ಕೂರ್ತೀನಿ."

ನೀರಕ್ಕ ಜಗ್ಗು ಹಿಡಿದುಕೊಂಡು ಅಲ್ಲೇ ನಿಂತಿದ್ದರು. ಆ ಹುಡುಗಿ ಅವರ ಎದೆಯೊಳಗೆ ನೇರ ಹೋಗಿ ಕೂತಳು. ಆಪರೇಶನ್ ಆಯಿತು. ಲಕೋಟೆ ಒಡೆದರು. ಒಂದು ವಾರ. ನೀರಕ್ಕನ ಮುಖ ಸುಣ್ಣ ಬಳಿದ ಗೋಡೆಯ ಹಾಗಾಯಿತು.

ಅವರು ಲಕೋಟೆ ಬದಲಾಯಿಸಲಿಲ್ಲ, ಟ್ಯೂಬಿಗೆ ಕೈ ಹಾಕಲಿಲ್ಲ. ಅಂಥ ಮೋಸ ಅವರ ರಕ್ತದಲ್ಲೇ ಇಲ್ಲ. ಮಾಡಿದ್ದು ಬೇರೆ. ಟೈಲರ್ ಹುಡುಗಿಯ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು, ಕಥೆ ಹೇಳುತ್ತ, ಗುಟುಕು ಗುಟುಕಾಗಿ ನೀರು ಕುಡಿಸಿದರು. ಟ್ಯೂಬ್ ಎಲ್ಲಾದರೂ ಮಡಚಿಕೊಂಡಿದೆಯೇ ಎಂದು ಹೋಗುತ್ತ ಬರುತ್ತ ಸವರಿ ನೋಡಿದರು. ಅವಳೊಬ್ಬಳಿಗೇ ಅಲ್ಲ, ಒಂದು ವಾರದ ಲಕೋಟೆ ಬಂದ ಎಲ್ಲರಿಗೂ ಹಾಗೆಯೇ ಮಾಡುತ್ತಿದ್ದರು, ಸಂಶೋಧನೆ ಶುರುವಾದಾಗಿನಿಂದಲೂ. ಪಾಪ, ಅವರ ಟ್ಯೂಬ್ ಬೇಗ ಹೋಗುತ್ತದಲ್ಲ ಎಂಬ ಸಂಕಟ. ಎರಡು ವಾರದವರಿಗೆ? "ಕುಡೀರಮ್ಮಾ" ಎಂದು ಹೇಳಿ, ಲೋಟ ತುಂಬಿಸಿ, ಮುಂದೆ ಹೋಗುವುದು. ಇದರಲ್ಲೇನು ತಪ್ಪು? ಅವರಿಗಂತೂ ಏನೂ ಕಾಣಲಿಲ್ಲ. ನನಗೂ ಕಾಣಲಿಲ್ಲ.

ಕಂಡದ್ದು ಮೂಲೆ ಮಂಚದ ಅಜ್ಜಿಗೆ.

ಈ ಅಜ್ಜಿ ಮೊಮ್ಮಕ್ಕಳನ್ನು ಕಂಡವರು. ಕೊನೆಯ ಹೆರಿಗೆಯಲ್ಲಿ ಆದ ತೂತನ್ನು ಅರ್ಧ ಆಯುಷ್ಯ ಹೊತ್ತುಕೊಂಡಿದ್ದರು, ಇದಕ್ಕೂ ಔಷಧಿ ಇದೆ ಎಂದು ಯಾರೂ ಹೇಳಿರಲಿಲ್ಲ. ಬಾಯಿ ಮಾತ್ರ ಕತ್ತರಿ. "ಉಪ್ಪು ತಿಂದೋರು ನೀರು ಕುಡೀಬೇಕು ಅಂತಾರೆ. ಇಲ್ಲಿ ಊಟದಲ್ಲಿ ಉಪ್ಪೇ ಇಲ್ಲ, ನೀರು ಮಾತ್ರ ಕೊಡ ಕೊಡ" ಎನ್ನುತ್ತಿದ್ದರು. ಅವರದು ಎರಡು ವಾರದ ಲಕೋಟೆ. ಒಂದು ಬೆಳಿಗ್ಗೆ ಉದ್ದ ಡಾಕ್ಟ್ರು ಮಂಚ ಮಂಚ ನೋಡುತ್ತ ಬಂದಾಗ ಅಜ್ಜಿ ಅವರ ಕೋಟು ಹಿಡಿದು ಎಳೆದರು.

"ನಂಗೂ ಆ ಬೇಗ ತೆಗಿಯೋ ಟ್ಯೂಬು ಹಾಕ್ಸಿ ತಾಯಿ."

"ಯಾಕಜ್ಜಿ? ನಿಮ್ಮದು ಚೆನ್ನಾಗೇ ಇದೆಯಲ್ಲ."

"ಆ ಟ್ಯೂಬು ಇರೋರಿಗೆ ಕಥೆ ಸಿಗುತ್ತೆ, ಕೈತುತ್ತಿನ ಹಾಗೆ ನೀರು ಸಿಗುತ್ತೆ. ಅವರೆಲ್ಲ ಈ ನೀರಕ್ಕನ ಹೊಟ್ಟೇಲಿ ಹುಟ್ಟಿದೋರು, ನಾವು ಮಲಮಕ್ಕಳು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ!"

ಎಲ್ಲರೂ ಗೊಳ್ ಎಂದು ನಕ್ಕರು. ಉದ್ದ ಡಾಕ್ಟ್ರು ಮಾತ್ರ ನಗಲಿಲ್ಲ. ಆ ಮಂಚ, ಈ ಮಂಚ, ಸ್ಟೂಲು, ಜಗ್ಗು, ಎಲ್ಲವನ್ನೂ ಒಂದು ಸುತ್ತು ನೋಡಿದರು. ಆಮೇಲೆ, "ನೀರಕ್ಕ, ಸ್ವಲ್ಪ ಬನ್ನಿ" ಎಂದು ಬಟ್ಟೆ ಜೋಡಿಸುವ ಕೋಣೆಗೆ ಕರೆದುಕೊಂಡು ಹೋದರು. ನಾನು ಅಲ್ಲೇ ಬೆಡ್‌ಶೀಟು ಮಡಚುತ್ತಿದ್ದೆ. ಹೊರಗೆ ಹೋಗು ಎಂದು ಯಾರೂ ಹೇಳಲಿಲ್ಲ.

"ಅಜ್ಜಿ ಹೇಳಿದ್ದು ನಿಜಾನಾ?"

"ನಿಜ. ಆ ಮಕ್ಕಳ ಟ್ಯೂಬ್ ಬೇಗ ಹೋಗುತ್ತೆ, ಇನ್ನಷ್ಟು ನೋಡ್ಕೊಳ್ಳೋದು ಬೇಡ್ವಾ? ಒಳ್ಳೇದು ಮಾಡಿದ್ರೂ ತಪ್ಪಾ?"

ಉದ್ದ ಡಾಕ್ಟ್ರು ಬೆಡ್‌ಶೀಟಿನ ಗುಡ್ಡೆಯ ಮೇಲೇ ಕೂತುಬಿಟ್ಟರು. "ನೋಡಿ. ಒಂದು ವಾರದವರೆಲ್ಲ ಚೆನ್ನಾಗಿ ವಾಸಿಯಾದ್ರು ಅಂತ ಇಟ್ಕೊಳ್ಳಿ. ನಾನು ಎಲ್ಲಾ ಆಸ್ಪತ್ರೆಗೂ ಹೇಳ್ತೀನಿ, ಒಂದು ವಾರ ಸಾಕು, ತೆಗೀರಿ ಅಂತ. ಅವರು ತೆಗೀತಾರೆ. ಆದ್ರೆ ಅಲ್ಲಿ ನೀವಿರಲ್ಲ. ಸ್ಟೂಲ್ ಹಾಕ್ಕೊಂಡು ಕೂರೋರು ಯಾರೂ ಇರಲ್ಲ. ವಾಸಿ ಮಾಡಿದ್ದು ಟ್ಯೂಬೋ, ನಿಮ್ಮ ಜಗ್ಗೋ, ನಂಗೆ ಹೇಗೆ ಗೊತ್ತಾಗ್ಬೇಕು? ಅಲ್ಲಿ ಯಾವಳೋ ಒಬ್ಬಳ ಹೊಲಿಗೆ ಬಿಟ್ಟೋದ್ರೆ?"

ನೀರಕ್ಕ ಜಗ್ಗು ಕೆಳಗಿಟ್ಟರು. ಮುಖ ನೋಡಿದರೆ ಗೊತ್ತಾಗುತ್ತಿತ್ತು, ಎಲ್ಲೋ ದೂರದ ವಾರ್ಡಿನಲ್ಲಿ ಮಂಚದಿಂದ ಇಳಿಯುತ್ತಿರುವ ಯಾವುದೋ ಹೆಂಗಸು ಅವರ ಕಣ್ಣಿಗೆ ಕಾಣುತ್ತಿದ್ದಾಳೆ ಎಂದು.

"ಹಾಗಾದ್ರೆ ನಾನು ಪ್ರೀತಿ ಮಾಡೋದೇ ಬಿಟ್ಬಿಡ್ಲಾ?"

"ಬಿಡ್ಬೇಡಿ. ಸಮ ಹಂಚಿ."

ಆಗಿದ್ದನ್ನು ಮುಚ್ಚಿಡುವಂತಿರಲಿಲ್ಲ. ಸಂಶೋಧನೆಯ ಮೇಲ್ವಿಚಾರಣೆ ಮಾಡುವವರಿಗೆ ಉದ್ದ ಡಾಕ್ಟ್ರು ಅವತ್ತೇ ತಿಳಿಸಿದರು. ಅಲ್ಲಿಯವರೆಗಿನ ಹೆಂಗಸರ ಫಲಿತಾಂಶವನ್ನು ಬೇರೆ ಇಟ್ಟು ನೋಡುವುದು, ಇನ್ನು ಮುಂದೆ ಎಲ್ಲರಿಗೂ ಒಂದೇ ರೀತಿ ನೀರು ಕುಡಿಸುವುದು ಎಂದಾಯಿತು. ಎಷ್ಟು, ಹೇಗೆ, ಎಷ್ಟು ಸಲ ಎಂದು ನೀರಕ್ಕನನ್ನೇ ಕೂರಿಸಿಕೊಂಡು ಮಾತಾಡಿದರು. ಬೇರೆ ಆಸ್ಪತ್ರೆಯವರೂ ಮಾಡಬಹುದಾದಷ್ಟೇ ಇರಲಿ ಎಂದರು. ಮನೆಗೆ ಹೋಗಿ ನೀರಕ್ಕ ಗಂಡನ ಮುಂದೆ ಅತ್ತರಂತೆ. ಅವರು ಬಣ್ಣದ ಡಬ್ಬ ಕಲಕುತ್ತ ಹೇಳಿದರಂತೆ, "ಒಂದೇ ಗೋಡೆಗೆ ಮೂರು ಕೋಟು ಹೊಡೆದು, ಪಕ್ಕದ ಗೋಡೆಗೆ ಒಂದೇ ಕೋಟು ಹೊಡೆದ್ರೆ ಯಾವ ಬಣ್ಣ ಒಳ್ಳೇದು ಅಂತ ಗೊತ್ತಾಗಲ್ಲ ಕಣೆ. ನಿಮ್ಮ ಡಾಕ್ಟ್ರು ನನ್ನ ಹತ್ರ ಕಲಿತಿದಾರೆ."

"ನಿನ್ನ ತಲೆ" ಎಂದು ನೀರಕ್ಕ ಕಣ್ಣೊರೆಸಿಕೊಂಡರು.

ಮರುದಿನದಿಂದ ಎಲ್ಲರಿಗೂ ಒಂದೇ ಲೋಟ, ಒಂದೇ ಸರದಿ. ಕಥೆ ಹೇಳುವುದಾದರೆ ವಾರ್ಡಿನ ನಡುವೆ ನಿಂತು, ಎಲ್ಲರಿಗೂ ಕೇಳುವ ಹಾಗೆ. ಅಜ್ಜಿ ಮೂಲೆಯಿಂದ, "ಜೋರಾಗಿ ಹೇಳೇ, ಮಲಮಕ್ಕಳಿಗೂ ಕೇಳಿಸ್ಲಿ" ಎಂದು ಕೂಗುತ್ತಿದ್ದರು.

ಟೈಲರ್ ಹುಡುಗಿಯ ಟ್ಯೂಬ್ ತೆಗೆಯುವ ದಿನ ಬಂತು. ನಿಜವಾದ ಕಷ್ಟ ಆಮೇಲೆ. ಟ್ಯೂಬ್ ಇಲ್ಲದ ಮೂತ್ರಕೋಶ ತುಂಬಿ ಹಿಗ್ಗಬಾರದು, ಆದರೆ ನೀರು ಕುಡಿಯುವುದನ್ನೂ ಬಿಡಬಾರದು, ಆಗಾಗ ಎದ್ದು ಮೂತ್ರಕ್ಕೆ ಹೋಗಿ ಬರಬೇಕು. ಹುಡುಗಿಗೆ ಹಳೆಯ ಭಯ ಮರುಕಳಿಸಿತು. ಲೋಟ ತುಟಿಗೆ ತಾಗಿಸುತ್ತಿದ್ದಳು, ಗಂಟಲು ಅಲ್ಲಾಡುತ್ತಿರಲಿಲ್ಲ.

"ಅಕ್ಕಾ, ನನ್ನ ಹತ್ರ ಸ್ವಲ್ಪ ಕೂತ್ಕೊಳ್ಳಿ. ನೀವಿದ್ರೆ ಇಳಿಯುತ್ತೆ."

ನೀರಕ್ಕ ಸ್ಟೂಲಿನ ಕಡೆ ನೋಡಿದರು. ಕೈ ಅದರ ಮೇಲೆ ಹೋಗಿಯೂ ಆಗಿತ್ತು. ಆಮೇಲೆ ತೆಗೆದರು. "ಎಲ್ಲರ ಸರದಿ ಮುಗಿಸಿ ಬರ್ತೀನಿ ಮಗಾ. ನೀನು ಕುಡೀತಿರು." ಪಕ್ಕದ ಮಂಚಕ್ಕೆ ಹೋದರು. ಬೆನ್ನು ತಿರುಗಿಸಿದಾಗ ಅವರ ಮುಖ ನನಗೆ ಕಾಣುತ್ತಿತ್ತು. ನಮ್ಮಮ್ಮ ನನ್ನನ್ನು ಹಾಸ್ಟೆಲಿಗೆ ಬಿಟ್ಟು ಹೋಗುವಾಗಲೂ ಅವಳ ಮುಖ ಹಾಗಿರಲಿಲ್ಲ.

ಆಗ ಎದ್ದರು ಅಜ್ಜಿ. ತಮ್ಮ ಟ್ಯೂಬಿನ ಚೀಲವನ್ನು ಕೈಚೀಲದ ಹಾಗೆ ಹಿಡಿದುಕೊಂಡು, ಮೆಲ್ಲಗೆ ನಡೆದು ಬಂದು ಹುಡುಗಿಯ ಮಂಚದ ಮೇಲೆ ಕೂತರು. ಕೈಯಲ್ಲಿ ಅವರದೇ ಲೋಟ. "ನಾನೊಂದು ಗುಟುಕು, ನೀನೊಂದು ಗುಟುಕು. ಸೋತೋರು ಇವತ್ತು ಸಂಜೆ ನನ್ನ ಜಡೆ ಹಾಕ್ಬೇಕು. ಅಂದ್ರೆ ನೀನೇ."

ನೀರಕ್ಕ ಓಡಿ ಬಂದರು. "ಅಜ್ಜೀ! ಇದು ಪಕ್ಷಪಾತ! ಹೀಗೆಲ್ಲಾ ಮಾಡೋ ಹಾಗಿಲ್ಲ!"

"ನಾನೇನು ಸಂಶೋಧನೆಯೋಳಾ? ನಾನು ಪೇಶೆಂಟು. ನಂಗೆ ಸಂಬಳ ಕೊಡ್ತಾರಾ?"

ವಿಷಯ ಉದ್ದ ಡಾಕ್ಟ್ರ ತನಕ ಹೋಯಿತು. ಅವರು ಬಾಗಿಲಲ್ಲೇ ತಲೆ ಬಗ್ಗಿಸಿ ನಿಂತು ಯೋಚಿಸಿದರು. "ಪಕ್ಕದ ಮಂಚದೋರು ಯಾವ ಆಸ್ಪತ್ರೇಲಿ ಇಲ್ಲ ಹೇಳಿ? ಅದಕ್ಕೆ ಅಡ್ಡಿ ಇಲ್ಲ. ಅಜ್ಜಿ, ನೀವು ಕುಡಿಸಿ. ನೀರಕ್ಕ, ನೀವು ಮಾತ್ರ ಕೂರ್ಬೇಡಿ."

ಅಜ್ಜಿ ನೀರಕ್ಕನ ಕಡೆ ತಿರುಗಿ, ಗೆದ್ದವರ ಹಾಗೆ ಒಂದು ಗುಟುಕು ಕುಡಿದರು.

ಮನೆಗೆ ಕಳಿಸುವ ಮೊದಲು ಕೊನೆಯ ಪರೀಕ್ಷೆ. ಮೂತ್ರಕೋಶಕ್ಕೆ ನೀಲಿ ಬಣ್ಣದ ನೀರು ತುಂಬಿಸಿ, ಹೆರಿಗೆ ದಾರಿಯಲ್ಲಿ ಬಿಳಿ ಗಾಜ್ ಬಟ್ಟೆಯ ತುಣುಕುಗಳನ್ನು ಒಂದರ ಹಿಂದೆ ಒಂದು ಇಡುತ್ತಾರೆ. ಒಳಗಿನವು ನೀಲಿಯಾದರೆ ಹೊಲಿಗೆ ಸೋರುತ್ತಿದೆ ಎಂದರ್ಥ. ದೀಪ ಹಿಡಿಯುವ ಕೆಲಸ ನೀರಕ್ಕನದು. ಅವರ ಕಣ್ಣು ಹುಡುಗಿಯ ಮುಖದ ಮೇಲೆ, ಬೆಳಕು ಗೋಡೆಯ ಮೇಲೆ.

ಡಾಕ್ಟ್ರು ಮೊದಲ ತುಣುಕು ತೆಗೆದರು. ತುದಿಯಲ್ಲಿ ನೀಲಿ.

ಹುಡುಗಿ ಕತ್ತೆತ್ತಿ ನೋಡಿಬಿಟ್ಟಳು. ಕೂಗಲಿಲ್ಲ, ಅಳಲಿಲ್ಲ. "ಸರಿ ಬಿಡಿ" ಎಂದಳು, ಅಷ್ಟೇ. ಆ "ಸರಿ ಬಿಡಿ" ಇವತ್ತೂ ನನ್ನ ಕಿವಿಯಲ್ಲಿದೆ.

"ತಡಿ, ತಡಿ" ಎಂದರು ಉದ್ದ ಡಾಕ್ಟ್ರು. "ಇದು ಬಾಗಿಲ ಹತ್ರದ್ದು. ಬಣ್ಣ ಹಾಕುವಾಗ ಹೊರಗೆ ಒಂದು ಹನಿ ಚೆಲ್ಲಿ ತಾಗಿದೆ. ಒಳಗಿನವು ನೋಡೋಣ. ನೀರಕ್ಕ, ದೀಪ ಇಲ್ಲಿ, ಗೋಡೆಗಲ್ಲ."

ಎರಡನೆಯದು ಬಿಳಿ. ಮೂರನೆಯದನ್ನು ತೆಗೆದು, ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು. ಬಿಳಿ. ಹುಡುಗಿಗೆ ಕೆಮ್ಮಲು ಹೇಳಿ, ಹೊಸ ತುಣುಕು ಇಟ್ಟು, ನಡೆಸಿ, ಮತ್ತೆ ತೆಗೆದು ನೋಡಿದರು. ಇದೂ ಬಿಳಿ. ಡಾಕ್ಟ್ರು ಅದನ್ನು ಹುಡುಗಿಯ ಕಣ್ಣ ಮುಂದೆ ಹಿಡಿದರು. "ನೀನು ಬಟ್ಟೆ ಗೊತ್ತಿರೋಳು. ನೀನೇ ಹೇಳು, ಕಲೆ ಇದೆಯಾ?"

ಹುಡುಗಿ ಬಹಳ ಹೊತ್ತು ನೋಡಿದಳು. "ಇಲ್ಲ" ಎಂದಳು. ಆಮೇಲೆ ಅತ್ತಳು.

ನೀರಕ್ಕ ದೀಪ ಕೆಳಗಿಟ್ಟು ಕೇಳಿದರು, "ಅಂದ್ರೆ ಡಾಕ್ಟ್ರೇ, ಒಂದು ವಾರ ಸಾಕು?"

"ಇವಳೊಬ್ಬಳಿಂದ ಹೇಗೆ ಗೊತ್ತಾಗುತ್ತೆ? ಇನ್ನೂ ಎಷ್ಟೋ ಜನ ಬರ್ಬೇಕು."

"ಮತ್ತೆ ನನ್ನದೊಂದರಿಂದ ಇಷ್ಟು ವರ್ಷ ನಂಗೆ ಗೊತ್ತು ಅಂತಿದ್ನಲ್ಲ" ಎಂದರು ನೀರಕ್ಕ. ನಕ್ಕರೋ ಅತ್ತರೋ ಹೇಳುವುದು ಕಷ್ಟ. ಸಂಶೋಧನೆ ಈಗಲೂ ನಡೆಯುತ್ತಿದೆ, ಉತ್ತರ ಇನ್ನೂ ಬಂದಿಲ್ಲ. ಆದರೆ ಲಕೋಟೆ ಒಡೆಯುವಾಗ ನೀರಕ್ಕ ಈಗ ಮುಖ ತಿರುಗಿಸುವುದಿಲ್ಲ. ಹೊರಗಿನ ಬೆಂಚಿನವರಿಗೆ ಸಂಶೋಧನೆಯ ವಿಷಯ ಮೊದಲು ವಿವರಿಸುವವರೂ ಅವರೇ.

ಟೈಲರ್ ಹುಡುಗಿಯನ್ನು ಬಸ್ಸಿಗೆ ಬಿಡಲು ಮಾತ್ರ ಅವರೇ ಹೋದರು. ವಾರ್ಡಿನ ಹೊರಗೆ ಯಾವ ನಿಯಮವೂ ಇಲ್ಲವಲ್ಲ. ಚೀಲ ಹೊರಲು ನಾನೂ ಹೋಗಿದ್ದೆ. ಬಸ್ಸು ಅರ್ಧ ಖಾಲಿ ಇತ್ತು. ಹುಡುಗಿ ಹತ್ತಿ, ಕಂಬ ಹಿಡಿದುಕೊಂಡು ನಿಂತಳು. ಕಂಡಕ್ಟರ್, "ಇಷ್ಟೊಂದು ಸೀಟಿದೆ, ಕೂತ್ಕೋ ತಾಯಿ" ಎಂದ. ಅವಳು ಕೂರಲಿಲ್ಲ. ಸೋರಿಕೆ ಶುರುವಾದ ಮೇಲೆ ಅವಳು ಯಾವ ಬಸ್ಸಿನಲ್ಲೂ ಕೂತವಳಲ್ಲ. ಎದ್ದು ಹೋದ ಮೇಲೆ ಸೀಟು ನೋಡಿದವರು ಏನೆನ್ನುತ್ತಾರೆ ಎಂಬ ಭಯ.

ನೀರಕ್ಕ ಕಿಟಕಿಯ ಕೆಳಗೆ ನಿಂತು ಕೂಗಿದರು, "ಏ, ನಡು ಸಾಲಲ್ಲಿ ಕೂರ್ತೀನಿ ಅಂದೋಳು ಯಾರೇ?"

ಹುಡುಗಿ ಸುತ್ತ ನೋಡಿದಳು. ಬಸ್ಸಿನ ನಡುವೆ, ಕಿಟಕಿ ಪಕ್ಕದ ಸೀಟಿನ ಮೇಲೆ ಅಂಗೈಯಿಟ್ಟು ಬಟ್ಟೆಯನ್ನು ಸವರಿದಳು. ಆಮೇಲೆ ಕೂತಳು, ಮೊದಲು ತುದಿಯಲ್ಲಿ, ಬಸ್ಸು ಹೊರಡುವಾಗ ಪೂರ್ತಿ ಒರಗಿಕೊಂಡು.